ಕುರಿದೊಡ್ಡಿಗೆ ಬಂದ ಓಟಿನ ಪೆಟ್ಟಿಗೆ

ಹೋದ ಮಾಘದಲ್ಲಿ ಒಂದು ಮದುವೆಗೆಂದು ಮೂಡಲಗಿಗೆ ಹೋಗಿದ್ದೆ. ಈಗ ಅದು ತಾಲೂಕಿನ ಊರು. ನಾನು ಬಲ್ಲ ಮೂಡಲಗಿಯನ್ನು ಹುಡುಕುತ್ತ ಪೇಟೆಯಲ್ಲಿ ನಡೆದರೆ ಒಂದು ಅಂಗಡಿಯೂ ಗುರುತು ಸಿಗಲಿಲ್ಲ. ಒಂದು ಅಡತಿ ಅಂಗಡಿಯ ಮುಂದೆ ಮಾತ್ರ ಕಾಲು ತಾನಾಗಿ ನಿಂತಿತು. ಹಮಾಲರು ಅರಿಷಿಣದ ಚೀಲ ಇಳಿಸುತ್ತಿದ್ದರು. ಒಂದು ಚೀಲದ ಹೊಲಿಗೆ ಬಿಚ್ಚಿ ಹಳದಿ ಧೂಳು ಎದ್ದಿತು. ಆ ಮಣ್ಣು ಬೆರೆತ, ಸ್ವಲ್ಪ ಖಾರದ, ಬಿಸಿಲಲ್ಲಿ ಒಣಗಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಇಪ್ಪತ್ತೆರಡು ವಯಸ್ಸಾಗಿತ್ತು, ಕೈಯಲ್ಲಿ ತಗಡಿನ ಟ್ರಂಕಿತ್ತು, ಮಸಗುಪ್ಪಿಯ ಆಚೆಗಿನ ಒಂದು ಸಣ್ಣ ಊರಿನ ದಾರಿಯಲ್ಲಿ ನಡೆಯುತ್ತಿದ್ದೆ.

ಆ ಊರಿನ ಹೆಸರು ಬೇಡ. ಅಲ್ಲಿಯವರ ಮೊಮ್ಮಕ್ಕಳು ಇವತ್ತಿಗೂ ಹಬ್ಬಕ್ಕೆ ನನ್ನನ್ನು ಕರೆಯುತ್ತಾರೆ.

ಕನ್ನಡ ನಾಡು ಒಂದಾಗಿ ಮೂರ್ನಾಕು ವರ್ಷವಾಗಿತ್ತು. ನಾವು ಹುಕ್ಕೇರಿಯವರು, ಅಪ್ಪನದು ಅರಿವೆ ಅಂಗಡಿ. ಮಗಳು ಶಾಲೆಯಲ್ಲಿ ಅಕ್ಕೋರಾಗಿ ನೌಕರಿ ಮಾಡುವುದಕ್ಕೆ ಅವನಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಆದರೂ ಗೋಕಾಕದವರೆಗೆ ಬಸ್ಸಿನಲ್ಲಿ ಜೊತೆಗೆ ಬಂದು, ಮುಂದೆ ಮೂಡಲಗಿಯ ಬಸ್ಸು ಹತ್ತಿಸಿ, ಕಿಟಕಿಯಿಂದ ಕೈಯಲ್ಲಿ ಒಂದು ಗಂಟು ಕರದಂಟು ಇಟ್ಟು ಹೋದ.

ಊರಲ್ಲಿ ಸಾಲಿಗೆ ಕಟ್ಟಡ ಇರಲಿಲ್ಲ. ಬೀರದೇವರ ಗುಡಿಯ ಪೌಳಿಯಲ್ಲೇ ಸಾಲಿ ನಡೆಯುತ್ತಿತ್ತು. ಗುಡಿಯ ಪೂಜಾರಿ ಮಾಳಪ್ಪಜ್ಜ. ಕುರುಬರ ಮನೆತನ, ಕುರಿಯೂ ಇದ್ದವು, ಬಾವಿ ನೀರಿನ ಹೊಲವೂ ಇತ್ತು. ಅವರ ಮನೆಯ ಪಡಸಾಲೆಯ ಬಾಜೂ ಕೋಣೆಯಲ್ಲೇ ನಾನು ಉಳಿದುಕೊಂಡೆ. ಅಜ್ಜನ ಹೆಂಡತಿ ನಿಂಗವ್ವ ಮೊದಲ ದಿನವೇ, ನನ್ನ ಒಲೆ ಹೊತ್ತಿಸುವ ರೀತಿ ನೋಡಿ, ನಾಳೆಯಿಂದ ರೊಟ್ಟಿ ನಾನೇ ಬಡಿಯುತ್ತೇನೆ ಎಂದಳು. ಒಬ್ಬನೇ ಮಗ ಸಿದ್ದಪ್ಪ. ಏಳನೆಯ ಇಯತ್ತೆ ಪಾಸಾದವ, ಊರಿಗೆ ಬರುವ ಒಂದೇ ಪತ್ರಿಕೆಯನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳುವವ. ಸೊಸೆ ಲಕ್ಕವ್ವ ಸುಗ್ಗಿಯ ಹೊತ್ತಿಗೆ ಚೊಚ್ಚಲ ಬಸುರಿಯಾದಳು.

ಸಾಲಿಯ ಮೊದಲ ದಿನ ನಾನು ಕಂಡದ್ದು ಇದು: ಒಂದಷ್ಟು ಮಕ್ಕಳು ಪೌಳಿಯೊಳಗೆ, ಉಳಿದ ಕೆಲವರು ಹೊರಗೆ, ಬೇವಿನ ಮರದ ಬುಡದಲ್ಲಿ. ಕೇಳಿದರೆ, ಅವು ಕೆಳಗಿನ ಕೇರಿಯ ಮಕ್ಕಳು, ಗುಡಿ ಒಳಗೆ ಬರುವುದಿಲ್ಲ ಎಂದರು. ಅಸ್ಪೃಶ್ಯತೆಯ ವಿರುದ್ಧ ಕಾಯ್ದೆ ಬಂದಿತ್ತು, ಗುಡಿಯ ಬಾಗಿಲೂ ತೆರೆದೇ ಇತ್ತು. ಹೊಸ್ತಿಲು ಮಾತ್ರ ಯಾರೂ ದಾಟುತ್ತಿರಲಿಲ್ಲ. ಸರಕಾರಕ್ಕೆ ಜಾತಿಯಿಲ್ಲ, ಧರ್ಮವಿಲ್ಲ, ಎಲ್ಲರೂ ಅದಕ್ಕೆ ಸಮಾನರು ಎಂದು ನಾನು ಪಾಠ ಹೇಳಬೇಕಾಗಿತ್ತು. ಹೇಳುವಾಗ ಬೆನ್ನ ಹಿಂದೆ ದೇವರ ದೀಪ, ಕಣ್ಣ ಮುಂದೆ ಬಿಸಿಲಲ್ಲಿ ಕೂತ ಮಕ್ಕಳು. ವಾರದೊಳಗೆ ನಾನು ಕರೀ ಹಲಗೆ ಎತ್ತಿಸಿ ಬೇವಿನ ಬುಡಕ್ಕೆ ಇಡಿಸಿದೆ. ಮಳೆ ಇಲ್ಲದ ದಿನ, ಎಲ್ಲರೂ ಅಲ್ಲೇ. ಊರಲ್ಲಿ ಗುಸುಗುಸು ಆಯಿತು. ಮಾಳಪ್ಪಜ್ಜ ಮಾತ್ರ, ಗುಡಿ ಕಸ ಹೊಡೆಯುವುದು ಕಡಿಮೆಯಾಯಿತು ಎಂದು ನಕ್ಕು ಸುಮ್ಮನಾದ.

ಕೇರಿಯ ಕಾಶವ್ವನ ಪರಿಚಯವಾದದ್ದು ಆ ಮರದ ಕೆಳಗೇ. ನನ್ನದೇ ವಯಸ್ಸಿನವಳು. ಅವಳ ಗಂಡ ಮತ್ತು ಕೇರಿಯ ಕೆಲವು ಮನೆಯವರು ಬೌದ್ಧ ಧರ್ಮ ಸ್ವೀಕರಿಸಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ಕಾಶವ್ವ ಮಾಳಪ್ಪಜ್ಜನ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದಳು. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಸಾಲಿಗೆ ಬರುತ್ತಿದ್ದ ಮಗಳ ಬಾಜೂಕ್ಕೆ ಬಂದು ಕೂತು, ಅವಳ ಪಾಟಿಯ ಮೇಲೆ ತಾನೂ ಅಕ್ಷರ ತಿದ್ದುತ್ತಿದ್ದಳು. ನಾಚಿಕೆ ಎಂಬುದು ಅವಳಿಗಿರಲಿಲ್ಲ. ತಪ್ಪಾದರೆ ತಾನೇ ನಕ್ಕು ಅಂಗೈಯಿಂದ ಒರೆಸಿ ಮತ್ತೆ ಬರೆಯುವಳು.

ಆ ವರ್ಷದ ಸುಗ್ಗಿ ನನ್ನ ಮೈಯಲ್ಲಿ ಇನ್ನೂ ಇದೆ. ಬೆಳಿಗ್ಗೆ ಎದ್ದರೆ ಹಲ್ಲು ಕಟಕಟ ಅನ್ನುವ ಚಳಿ, ಹೊತ್ತೇರಿದ ಮೇಲೆ ಬೆನ್ನಿಗೆ ಹಿತವಾದ ಬಿಸಿಲು. ಹಿಂಗಾರಿ ಜೋಳ ಹಾಲುಗಾಳಾದಾಗ ಹೊಲದಲ್ಲಿ ಕುಳ್ಳಿನ ಬೆಂಕಿ ಮಾಡಿ ತೆನೆ ಸುಟ್ಟು ಸೀತನಿ ತಿನ್ನುವುದು. ಆಮೇಲೆ ಅರಿಷಿಣದ ಕೆಲಸ. ಅಗೆದ ಗಡ್ಡೆಯನ್ನು ದೊಡ್ಡ ಕೊಪ್ಪರಿಗೆಯಲ್ಲಿ ತುಂಬಿ ಕುದಿಸುತ್ತಾರೆ. ಅದರ ಹಬೆ ಹೊಲದಿಂದ ಊರಿಗೆ, ಊರಿಂದ ನಮ್ಮ ಮೈಯ ಬಟ್ಟೆಗೆ ಹತ್ತಿಕೊಳ್ಳುತ್ತಿತ್ತು. ಅಭ್ಯಾಸಪುಸ್ತಕದ ಹಾಳೆಗಳ ಮೇಲೂ ಮಕ್ಕಳ ಹಳದಿ ಬೆರಳು. ಕೊಪ್ಪರಿಗೆಯ ಉಸ್ತುವಾರಿ ಕಾಶವ್ವನದು. ಗಡ್ಡೆಯನ್ನು ಕಡ್ಡಿಯಿಂದ ಚುಚ್ಚಿ ನೋಡಿ ಸಾಕು ಎಂದರೆ ಸಾಕು, ಅಲ್ಲಿಗೆ ಬೆಂಕಿ ಎಳೆಯುತ್ತಿದ್ದರು.

ಆ ಸುಗ್ಗಿಯಲ್ಲೇ ಪಂಚಾಯಿತಿ ಚುನಾವಣೆ ಬಂತು. ನಮ್ಮ ಓಣಿ ಮತ್ತು ಕೆಳಗಿನ ಕೇರಿ ಸೇರಿ ಒಂದು ಸ್ಥಾನ. ಬೆಲ್ಲದ ವ್ಯಾಪಾರಿ ಗುರಲಿಂಗಪ್ಪ ನಿಂತ. ಅವನಿಗೆದುರಾಗಿ ಸಿದ್ದಪ್ಪ ನಿಂತ.

ಸಿದ್ದಪ್ಪ ಕೆಟ್ಟವನಲ್ಲ. ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಹಳ್ಳದ ಉಸುಕು ಬಗೆದು ನೀರು ತರುವುದನ್ನು ತಪ್ಪಿಸಬೇಕು, ಸಿಹಿನೀರಿನ ಬಾವಿ ತೋಡಿಸಬೇಕು, ಮೂಡಲಗಿಗೆ ಗಾಡಿ ಹೋಗುವ ಹಾದಿ ಮಾಡಿಸಬೇಕು ಎಂದು ಅವನು ನನ್ನ ಹತ್ತಿರವೇ ಎಷ್ಟೋ ಸಲ ಹೇಳಿದ್ದ. ಆದರೆ ಗುರಲಿಂಗಪ್ಪನ ಅಂಗಳದಲ್ಲಿ ದಿನವೂ ಸಂಜೆ ಪಂಕ್ತಿ ಕೂರತೊಡಗಿತು. ಬೆಳಿಗ್ಗೆ ಸಿದ್ದಪ್ಪನಿಗೆ ಹೂಂ ಅಂದವರು ಸಂಜೆ ಅಲ್ಲಿ ಹುಗ್ಗಿ ಉಣ್ಣುತ್ತಿದ್ದರು. ಸಿದ್ದಪ್ಪನಿಗೆ ದಿಗಿಲಾಯಿತು. ಆಗ ಅವನು ಮಾಡಿದ್ದು ಯಾರೂ ಮಾಡದ ಕೆಲಸವೇನಲ್ಲ. ಸುತ್ತಿನ ಊರುಗಳಲ್ಲೂ ಹಾಗೆ ನಡೆದದ್ದು ಕೇಳಿದ್ದೆವು. ಗುಡಿಯ ಹರಿವಾಣದಿಂದ ಭಂಡಾರ ತೆಗೆದುಕೊಂಡು ಮನೆಮನೆಗೆ ಹೋದ. ಭಂಡಾರವೆಂದರೆ ಬೀರದೇವರ ಅರಿಷಿಣದ ಪುಡಿ. ಅದನ್ನು ಮುಟ್ಟಿ ಆಡಿದ ಮಾತಿಗೆ ತಪ್ಪಿದರೆ ಮನೆ ಉಳಿಯದು ಎಂದು ನಂಬಿದ ಊರು. ಸಿದ್ದಪ್ಪನಿಗೇ ಓಟು ಎಂದು ಒಬ್ಬೊಬ್ಬರೂ ಭಂಡಾರ ಮುಟ್ಟಿದರು. ಪಂಕ್ತಿಯಲ್ಲಿ ಉಂಡವರೂ ಅಂಜಿ ಮುಟ್ಟಿದರು.

ಆಗ ಮಾಳಪ್ಪಜ್ಜ ಊರಲ್ಲಿರಲಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಕಾಲವದು. ಹಿಂಡಿನ ಜೊತೆ ಬೇರೆ ಊರಿನ ಹೊಲಗಳಲ್ಲಿದ್ದ. ಪೂಜೆ ನೋಡಿಕೊಳ್ಳುತ್ತಿದ್ದವನು ಮಗನೇ.

ಸಿದ್ದಪ್ಪ ಹರಿವಾಣ ಹಿಡಿದು ಕೆಳಗಿನ ಕೇರಿಗೂ ಹೋದ. ಕಾಶವ್ವನ ಮನೆಯ ಮುಂದೆ ನಿಂತು ಮುಟ್ಟು ಎಂದ. ಅವಳು ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಳಂತೆ. ನಾವು ಈಗ ಬೇರೆ ಧರ್ಮದವರು, ದೇವರ ಆಣೆ ಮಾಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದೇವೆ, ಬಾವಿಯ ಮಾತು ಹೇಳುವುದಿದ್ದರೆ ಹೇಳು, ಕೂತು ಕೇಳುತ್ತೇವೆ ಎಂದಳಂತೆ. ಜೊತೆಗೆ ಬಂದ ಓಣಿಯವರ ಎದುರಿಗೆ ಅವನ ಮುಖ ಸಣ್ಣದಾಯಿತು. ಇಷ್ಟು ದಿನ ಈ ದೇವರ ಹೊಲದ ಅನ್ನ ಉಂಡು ಈಗ ದೇವರೇ ಬೇಡವಾದನೇ ಎಂದು ಬೈದು ಬಂದ. ಮರುದಿನದಿಂದ ಕೇರಿಯವರನ್ನು ಅರಿಷಿಣದ ಕೆಲಸಕ್ಕೆ ಕರೆಯಲಿಲ್ಲ.

ಅದೇ ವಾರ ಗೋಕಾಕದ ಕಚೇರಿಯಿಂದ ಒಬ್ಬ ಸಾಹೇಬರು ಜಾಗ ನೋಡಲು ಬಂದರು. ಓಟು ಸಾಲಿಯಲ್ಲೇ ಎಂದರು. ಸಾಲಿ ಎಂದರೆ ಗುಡಿಯ ಪೌಳಿ. ಊರ ಹಿರಿಯರಿಗೆ ಅದೇ ಬೇಕಾಗಿತ್ತು. ದೇವರ ಎದುರಿಗೆ ಓಟು ಬಿದ್ದರೆ ಯಾರೂ ತಪ್ಪಲಾರರು ಎಂಬ ಲೆಕ್ಕ. ಹೆಸರು ಕರೆಯುವ ಕೆಲಸಕ್ಕೆ ನನ್ನನ್ನೂ ಹಾಕಿದ್ದರು. ಬೇವಿನ ಬುಡಕ್ಕೆ ಮಗಳನ್ನು ಕರೆಯಲು ಬಂದ ಕಾಶವ್ವನಿಗೆ ಈ ವಿಷಯ ಹೇಳಿ, ನೀವು ಒಳಗೆ ಬರಲು ನಾನು ಸಾಹೇಬರಿಂದ ಪೋಲೀಸರನ್ನೇ ಕರೆಸುತ್ತೇನೆ, ಯಾರು ತಡೆಯುತ್ತಾರೋ ನೋಡೋಣ ಎಂದೆ. ದೊಡ್ಡ ಧೈರ್ಯದ ಮಾತಾಡಿದೆನೆಂದು ನನಗೇ ಅನಿಸಿತ್ತು.

ಅವಳು ಮಗಳ ಪಾಟಿ ಒರೆಸಿ ಕೆಳಗಿಟ್ಟಳು.

“ಅಕ್ಕೋರ, ಮೊದಲ ನಮ್ಮನ್ನ ಗುಡಿ ಒಳಗ ಬಿಡತಿರಲಿಲ್ಲ. ಈಗ ನಾವ ಹೋಗಾಂಗಿಲ್ಲ. ಅಲ್ಲಿ ಹೋದ್ರ ಕೈ ಮುಗಿಬೇಕು, ಮುಗೀಲಿಲ್ಲಂದ್ರ ಜಗಳ. ಓಟ್ ಹಾಕಾಕ ದೇವರ ಮುಂದ ಯಾಕ ಹೋಗಬೇಕ್ರಿ? ದೇವರೇನ ಓಟಿಗೆ ನಿಂತಾನ?”

ಒಳಗೆ ಬಿಡಿಸುವುದೇ ನ್ಯಾಯ ಎಂದುಕೊಂಡಿದ್ದೆ. ಒಳಗೆ ಹೋಗದೆ ಇರುವುದೂ ಒಬ್ಬರ ಹಕ್ಕಾಗಬಹುದು ಎಂದು ನಾನು ಕಲಿತ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ರವಿವಾರ ಬಸ್ಸು ಹತ್ತಿ ಗೋಕಾಕಕ್ಕೆ ಹೋಗಿ ಆ ಸಾಹೇಬರ ಮನೆಯಲ್ಲೇ ಅವರನ್ನು ಕಂಡೆ. ನನ್ನ ಮಾತು ಕೇಳಿಸಿಕೊಂಡರು. ಬೇರೆ ಜಾಗ ಇದ್ದರೆ ತಮ್ಮ ಅಡ್ಡಿಯಿಲ್ಲ, ಆದರೆ ಊರಲ್ಲಿ ಯಾರಾದರೂ ಜಾಗ ಕೊಡಬೇಕಲ್ಲ ಎಂದರು. ತಿರುಗಿ ಬಂದು ನಾಲ್ಕು ಮನೆ ಕೇಳಿದೆ. ಒಬ್ಬರ ಪಡಸಾಲೆಯಲ್ಲಿ ಜೋಳ ತುಂಬಿತ್ತು, ಒಬ್ಬರಿಗೆ ಬೀಗರು ಬರುವವರಿದ್ದರು. ದೇವರನ್ನು ಬಿಟ್ಟು ಓಟನ್ನು ತಮ್ಮ ಮನೆಗೆ ತಂದುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಾಳಪ್ಪಜ್ಜ ಹಿಂಡನ್ನು ಆಳುಗಳಿಗೆ ಒಪ್ಪಿಸಿ ಊರಿಗೆ ಬಂದದ್ದು ಆಗ. ಬಂದವನು ಮೊದಲು ಹೋದದ್ದು ಹೊಲಕ್ಕೆ. ಕೊಪ್ಪರಿಗೆಯ ಹತ್ತಿರ ಕಾಶವ್ವ ಇಲ್ಲ. ಗಡ್ಡೆ ಅರೆಬೆಂದು ಹಾಗೇ ಹರವಿದ್ದರು. ಯಾಕೆಂದು ಕೇಳಿದ್ದಕ್ಕೆ ಆಳೊಬ್ಬ ಎಲ್ಲವನ್ನೂ ಹೇಳಿದ. ಅಜ್ಜ ಅಲ್ಲಿಂದ ನೆಟ್ಟಗೆ ಕೇರಿಗೆ ಹೋಗಿ, ನಾಳೆಯಿಂದ ಕೆಲಸಕ್ಕೆ ಬರ್ರಿ ಎಂದು ಹೇಳಿಯೇ ಮನೆಗೆ ಬಂದ.

ಸಂಜೆ ಪಡಸಾಲೆಯಲ್ಲಿ ತಂದೆ ಮಗ ಎದುರುಬದುರು ಕೂತಿದ್ದರು. ನಾನು ನನ್ನ ಕೋಣೆಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ನಡುವೆ ಒಂದು ಗೋಡೆ ಅಷ್ಟೇ. ಸಿದ್ದಪ್ಪ ತನ್ನ ಕಷ್ಟವನ್ನೆಲ್ಲ ಹೇಳಿದ. ಮಂದಿ ಉಂಡ ಕಡೆ ವಾಲುತ್ತಾರೆ, ದೇವರ ಭಯವಿದ್ದರೆ ಮಾತಿಗೆ ನಿಲ್ಲುತ್ತಾರೆ, ತಾನೇನು ತನ್ನ ಹೊಟ್ಟೆಗೆ ಮಾಡುತ್ತಿಲ್ಲ, ಊರಿಗೆ ಬಾವಿ ಬೇಕೋ ಬೇಡವೋ ಎಂದ. ಅಜ್ಜ ಎಲ್ಲ ಮುಗಿಯುವವರೆಗೆ ಕೇಳಿದ.

“ಬಾವಿ ಬೇಕು. ಅದನ್ನ ಮಂದಿಗೆ ನೀ ಹೇಳು. ದೇವರ ಕಡಿಂದ ಯಾಕ ಹೇಳಸ್ತಿ?” ಎಂದ. “ಬೀರದೇವರ ಹಂತ್ಯಾಕ ಮಂದಿ ಜಡ್ಡಾದ್ರ ಬರತಾರ, ಮಳಿ ಆಗಲಿಲ್ಲಂದ್ರ ಬರತಾರ. ಹಾದಿ ಮಾಡಾಕ, ಗಟಾರ ತೋಡಾಕ ಅವನೇನ ಸರಕಾರದ ತಲಾಟಿ ಅದಾನ? ನಾಳೆ ನೀ ಆರಿಸಿ ಬಂದು ಬಾವ್ಯಾಗ ನೀರ ಬೀಳಲಿಲ್ಲಂದ್ರ ಮಂದಿ ಯಾರನ್ನ ಬೈಬೇಕು? ನಿನ್ನ ಬೈದ್ರ ದೇವರನ್ನ ಬೈದಂಗ ಆಗತೈತಿ. ದೇವರ ಅಂಜಿಕಿಗೆ ಬಾಯಿ ಮುಚಗೊಂಡ ಕುಂದ್ರಬೇಕು. ಅಂಥಾ ಊರ ಆಳಾವನೇನ ನೀ?”

ಸಿದ್ದಪ್ಪ, ಈಗ ಆದದ್ದು ಆಯಿತು, ಮುಟ್ಟಿದವರು ಮುಟ್ಟಿದ್ದಾರೆ, ಅದನ್ನು ದೇವರೂ ತಿರುಗಿಸಲಾರ ಎಂದು ಎದ್ದು ಹೋದ.

ಬೆಳಿಗ್ಗೆ ಅಜ್ಜ ನನ್ನನ್ನು ಕರೆದು, ಓಟಿಗೆ ತನ್ನ ಕುರಿದೊಡ್ಡಿ ಕೊಡುವುದಾಗಿ ಸಾಹೇಬರಿಗೆ ತಿಳಿಸು ಎಂದ. ಹಿಂಡು ಹೊರಗಿರುವುದರಿಂದ ದೊಡ್ಡಿ ಖಾಲಿಯಿತ್ತು. ಊರ ಅಂಚಿಗೆ, ಓಣಿಗೂ ಕೇರಿಗೂ ನಡುವೆ. ಸುತ್ತ ಮುಳ್ಳಿನ ಬೇಲಿ, ಮೂಲೆಯಲ್ಲಿ ಮರಿಗಳಿಗೆಂದು ಹಾಕಿದ ಚಪ್ಪರ. ಸಾಹೇಬರು ಬಂದು ನೋಡಿ ಮೂಗಿಗೆ ಅರಿವೆ ಹಿಡಿದುಕೊಂಡು ಒಪ್ಪಿದರು.

ಜಾಗವೇನೋ ಬದಲಾಯಿತು. ಆಣೆ ಹಾಗೇ ಇತ್ತು. ಗುಡಿಯಲ್ಲಾದರೇನು, ದೊಡ್ಡಿಯಲ್ಲಾದರೇನು, ಭಂಡಾರ ಮುಟ್ಟಿದ ಕೈ ಅದೇ ಅಲ್ಲವೇ ಎಂದು ಹೆಂಗಸರು ನೀರಿನ ದಾರಿಯಲ್ಲಿ ಮಾತಾಡುತ್ತಿದ್ದರು. ಕೆಲವರು ಓಟು ತಪ್ಪಿಸಿಕೊಳ್ಳಲು ಊರು ಬಿಟ್ಟು ಬೀಗರ ಮನೆಗೆ ಹೋಗುವ ಯೋಚನೆಯಲ್ಲಿದ್ದರು.

ಓಟಿನ ಹಿಂದಿನ ದಿನ ಇಳಿಹೊತ್ತಿಗೆ ಡೊಳ್ಳು ಕೇಳಿಸಿತು. ಹಬ್ಬವಲ್ಲ, ಅಮಾವಾಸ್ಯೆಯಲ್ಲ. ಎಲ್ಲರೂ ಗುಡಿಯತ್ತ ಬಂದರು. ಮಾಳಪ್ಪಜ್ಜ ಮೈತೊಳೆದು, ತಲೆಗೆ ಬಿಳಿ ಪಟಕ ಸುತ್ತಿ, ಹೆಗಲ ಮೇಲೆ ಕರೀ ಕಂಬಳಿ ಹಾಕಿ ಗುಡಿಯೊಳಗಿಂದ ಭಂಡಾರದ ಹರಿವಾಣ ಹಿಡಿದು ಬಂದ. ಪೌಳಿಯಲ್ಲಿ ನಿಲ್ಲಲಿಲ್ಲ. ಮೆಟ್ಟಿಲಿಳಿದು ಬೇವಿನ ಮರದ ಕೆಳಗೆ ಬಂದು ನಿಂತ. ಕೇರಿಯವರೂ ದೂರದಲ್ಲಿ ನಿಂತಿದ್ದರು. ಅವರಿಗೂ ಕೇಳಲಿ ಎಂದೇ ಇರಬೇಕು.

“ಈ ಭಂಡಾರ ಮುಟ್ಟಿ ಯಾರ್ಯಾರ ಆಣಿ ಮಾಡೀರಿ, ಆ ಆಣಿ ನಾ ತಿರುಗಿ ಇಸಗೊಂಡೇನಿ. ಮಾತ ತಪ್ಪಿದ್ದಕ್ಕ ಏನರ ಬರೂದಿತ್ತಂದ್ರ ನನ್ನೊಬ್ಬನ ತಲಿ ಮ್ಯಾಲೆ ಬರಲಿ. ನಾಳೆ ನಿಮಗ ತಿಳದವರಿಗೆ ಹಾಕ್ರಿ.”

ಹಾಗೆಂದು ಹರಿವಾಣವನ್ನು ತನ್ನ ತಲೆಯ ಮೇಲೆ ಬೋರಲು ಹಾಕಿಕೊಂಡ. ಬಿಳಿ ಪಟಕ, ಹುಬ್ಬು, ಮೀಸೆ, ಕಂಬಳಿ ಎಲ್ಲ ಹಳದಿಯಾದವು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತ. ಈಗಿನವರಿಗೆ ಇದು ಒಂದು ಹಿಡಿ ಪುಡಿ ಎನಿಸಬಹುದು. ಅವನಿಗೆ ಹಾಗಿರಲಿಲ್ಲ. ಹುಟ್ಟಿದಾಗಿನಿಂದ ಆ ದೇವರನ್ನು ಮೈಮುಟ್ಟಿ ಪೂಜಿಸಿದವನು, ಆ ಶಾಪವನ್ನು ಊರಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿದವನು ಅವನೇ. ನಿಂಗವ್ವ ನನ್ನ ಬಾಜೂಕ್ಕೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಮನೆಯಲ್ಲಿ ಬಸುರಿ ಸೊಸೆ ಇದ್ದಾಳೆ ಎಂದಷ್ಟೇ ಅಂದಳು. ಸಿದ್ದಪ್ಪ ಕಟ್ಟೆಯ ಹಿಂದೆ ನಿಂತಿದ್ದ. ಆಮೇಲೆ ಎಲ್ಲಿ ಹೋದನೋ ಕಾಣಲಿಲ್ಲ.

ಮರುದಿನ ಮುಂಜಾನೆ ದೊಡ್ಡಿ ಗುಡಿಸಿ, ನೀರು ಚಿಮುಕಿಸಿ, ಚಪ್ಪರದಡಿ ಮೇಜು ಇಟ್ಟರು. ಎಷ್ಟು ಗುಡಿಸಿದರೂ ಹಿಕ್ಕೆಯ ವಾಸನೆ ಹೋಗಲಿಲ್ಲ. ಸಾಹೇಬರು ಊದಿನಕಡ್ಡಿ ಹಚ್ಚಿ ಎಂದರು. ಅಜ್ಜ ಬೇಡ ಎಂದ, ಊದಿನಕಡ್ಡಿ ಹಚ್ಚಿದರೆ ಮಂದಿ ಇದನ್ನೂ ಗುಡಿ ಮಾಡುತ್ತಾರೆ ಎಂದ. ಅದು ಸುಳ್ಳಾಗಲಿಲ್ಲ. ಒಬ್ಬ ಮುದುಕಿ ಚೀಟಿ ಹಾಕಿ ಪೆಟ್ಟಿಗೆಗೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಬೇಲಿಯಾಚೆ ನಿಂತ ಅಜ್ಜ, ಅದು ಕಬ್ಬಿಣದ ಪೆಟ್ಟಿಗೆ ಯಮುನವ್ವ, ಅದು ಏನೂ ಕೊಡುವುದಿಲ್ಲ ಎಂದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಲ್ಲಿಯವರೆಗೆ ಬಿಗಿದಿದ್ದ ಮುಖಗಳು ಸಡಿಲವಾದವು.

ಕಾಶವ್ವ ಮತ್ತು ಕೇರಿಯ ಹೆಣ್ಣುಮಕ್ಕಳು ತಮ್ಮ ಹೊಸ ಧರ್ಮದ ಬಿಳಿ ಸೀರೆ ಉಟ್ಟು ಬಂದರು. ಓಣಿಯ ಹೆಂಗಸರ ಹಿಂದೆ ಅದೇ ಸಾಲಿನಲ್ಲಿ ನಿಂತರು. ಸಾಲು ಒಂದೇ ಇತ್ತು, ದೊಡ್ಡಿಗೆ ಬಾಗಿಲೂ ಒಂದೇ. ನಾನು ಹೆಸರು ಕರೆದೆ. ಕಾಶವ್ವ ಚೀಟಿಯ ಮೇಲಿನ ಚಿತ್ರಗಳನ್ನು ನೋಡಿ, ಅಡ್ಡ ಪರದೆಯ ಹಿಂದೆ ಹೋಗಿ, ಮಡಿಸಿ ತಂದು ಪೆಟ್ಟಿಗೆಯಲ್ಲಿ ಹಾಕಿದಳು. ಯಾರ ಕಡೆಯೂ ನೋಡಲಿಲ್ಲ. ನೆಟ್ಟಗೆ ಕೊಪ್ಪರಿಗೆಯ ಕೆಲಸಕ್ಕೆ ಹೋದಳು.

ಸಿದ್ದಪ್ಪ ಸೋತ.

ಬಹಳ ಅಂತರದಿಂದಲ್ಲ, ಆದರೂ ಸೋತ. ಆಮೇಲೆ ಅವನು ತಂದೆಯ ಜೊತೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಒಲೆ; ತಂದೆ ಉಂಡೆದ್ದ ಮೇಲೆ ಮಗ ಉಣ್ಣಲು ಬರುತ್ತಿದ್ದ. ಊರವರು ಬೇರೊಂದಕ್ಕೆ, ಆಣೆಯ ಶಾಪಕ್ಕೆ, ಕಾಯುತ್ತಿದ್ದರು. ಅಜ್ಜನಿಗೆ ಕೆಮ್ಮು ಬಂದರೂ ಅದೇ ಮಾತು, ಹಿಂಡಿನಲ್ಲಿ ಒಂದು ಕುರಿ ಕುಂಟಿದರೂ ಅದೇ ಮಾತು.

ರೋಹಿಣಿ ಮಳೆ ಬೀಳುವ ಹೊತ್ತಿಗೆ ಲಕ್ಕವ್ವನಿಗೆ ಬೇನೆ ಎದ್ದಿತು. ಚೊಚ್ಚಲು, ತವರಲ್ಲಿ ತಾಯಿಯಿಲ್ಲದ್ದರಿಂದ ಹೆರಿಗೆ ಇಲ್ಲೇ; ಬಹಳ ತ್ರಾಸಾಯಿತು. ಬೆಳಗಿನಿಂದ ಒಳಗೆ ಅವಳ ನರಳಾಟ. ಹೊರಗೆ ಜನ ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ಕೂತರು. ಏನೂ ಅನ್ನಲಿಲ್ಲ. ಅಂದದ್ದಕ್ಕಿಂತ ಅದು ಕೆಟ್ಟದ್ದಾಗಿತ್ತು. ಮಾಳಪ್ಪಜ್ಜ ಕಟ್ಟೆಯ ಮೇಲೆ ಮೊಣಕಾಲು ಕಟ್ಟಿಕೊಂಡು ಕೂತಿದ್ದ. ನೀರು ಮುಟ್ಟಲಿಲ್ಲ. ನಾನು ಅವನ ಮುಖ ನೋಡಿದೆ, ಹೆದರಿದ್ದ. ಮಧ್ಯಾಹ್ನ ಸಿದ್ದಪ್ಪ ಒಳಗಿಂದ ಬಂದ. ಅಂಗಳದಲ್ಲಿ ಕೂತವರನ್ನು ಒಮ್ಮೆ ನೋಡಿದ, ತಂದೆಯನ್ನು ನೋಡಿದ. ಹೋಗಿ ತಂದೆಯ ಬಾಜೂಕ್ಕೆ, ಮೈಗೆ ಮೈ ತಾಗುವ ಹಾಗೆ ಕೂತ. ಆ ಆಣೆ ಮಾಡಿಸಿದವನು ನಾನು, ಬರುವುದಿದ್ದರೆ ನನಗೆ ಬರಬೇಕು, ಇವನಿಗಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಇಬ್ಬರೂ ಹಾಗೇ ಕೂತರು.

ಹೊತ್ತು ಮುಳುಗುವ ಮುನ್ನ ಮಗು ಅತ್ತಿತು. ಹೆಣ್ಣುಮಗು, ತಾಯಿಯೂ ಆರಾಮ ಎಂದು ನಿಂಗವ್ವ ಹೊರಗೆ ಬಂದು ಹೇಳಿದಳು. ಅಂಗಳದಲ್ಲಿದ್ದ ಒಬ್ಬ ಹಿರಿಯ, ಹಾಗಾದರೆ ದೇವರು ಸಿಟ್ಟಾಗಲಿಲ್ಲವೇನು ಎಂದು ಕೇಳಿಯೇಬಿಟ್ಟ. ಅಜ್ಜ ಕಣ್ಣೊರೆಸಿಕೊಂಡು ಎದ್ದ.

“ಅವಗ ಬ್ಯಾರೆ ಕೆಲಸ ಅದಾವ,” ಎಂದ.

ಆ ಮಳೆಗಾಲದಲ್ಲಿ ಸಾಲಿ ಗುಡಿಗೆ ತಿರುಗಿ ಹೋಗಲಿಲ್ಲ. ಕುರಿದೊಡ್ಡಿಯ ಅರ್ಧ ಜಾಗವನ್ನು ಅಜ್ಜ ಸಾಲಿಗೆ ಬಿಟ್ಟುಕೊಟ್ಟ. ಓಣಿಯವರು ಮಣ್ಣು ಹೊತ್ತರು, ಕೇರಿಯವರು ಗೋಡೆ ಇಟ್ಟರು. ಮಕ್ಕಳು ಒಂದೇ ಚಾಪೆಯ ಮೇಲೆ ಕೂತದ್ದನ್ನು ನೋಡಲು ನನಗೆ ಒಂದೇ ಚಳಿಗಾಲ ಸಿಕ್ಕಿತು. ಆಮೇಲೆ ಯಮಕನಮರಡಿಗೆ ನನ್ನ ವರ್ಗವಾಯಿತು.

ಹೊರಡುವ ಮುಂಚೆ ಹೊಲಕ್ಕೆ ಹೋಗಿದ್ದೆ. ಕಾಶವ್ವ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಸಿದ್ದಪ್ಪ ಅಲ್ಲೇ ನೀರು ಹಾಯಿಸುತ್ತಿದ್ದವನು ಸನಿಕೆ ಊರಿ ನಿಂತು, ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿದ.

“ಖರೆ ಹೇಳ ಕಾಶವ್ವ, ಅವತ್ತ ನನಗ ಹಾಕಿದ್ದೇನ?”

“ಯಾರಿಗೆ ಹಾಕಿನಿ ಅನ್ನೂದನ್ನ ನಾ ನನ್ನ ಗಂಡಗೂ ಹೇಳಿಲ್ಲ,” ಎಂದಳು ಅವಳು, ರೊಟ್ಟಿ ಮುರಿಯುತ್ತ. “ನೀ ಅವತ್ತ ಹರಿವಾಣ ಹಿಡಕೊಂಡ ಬಂದಿ. ಇನ್ನೊಮ್ಮೆ ಬರೇ ಕೈಲೆ ಬಾ. ಬಾವಿ ಮಾತ ಹೇಳು. ಆವಾಗ ವಿಚಾರ ಮಾಡತೇವಿ.”

ಸಿದ್ದಪ್ಪ ತಲೆ ಅಲ್ಲಾಡಿಸಿ ಮತ್ತೆ ನೀರಿಗೆ ಇಳಿದ.

ಮುಂದಿನ ಚುನಾವಣೆಗೆ ಅವನು ಬರಿಗೈಯಲ್ಲೇ ಕೇರಿಗೆ ಹೋದನಂತೆ, ಮನೆಮನೆಯ ಮುಂದೆ ಕೂತು ಬೈಸಿಕೊಂಡು, ಮಾತಾಡಿ ಬಂದನಂತೆ. ಆರಿಸಿಯೂ ಬಂದ. ಬಾವಿಯೂ ಆಯಿತು, ಮೊದಲು ತೋಡಿದ ಕಡೆ ಬರೀ ಕಲ್ಲು ಹತ್ತಿ ಮಂದಿ ಅವನನ್ನು ಬಾಯಿತುಂಬ ಬೈದ ಮೇಲೆ. ಇದನ್ನೆಲ್ಲ ಯಮಕನಮರಡಿಗೆ ಮೊಮ್ಮಗಳ ಕೈ ಹಿಡಿದುಕೊಂಡು ಬಂದ ನಿಂಗವ್ವ ನನಗೆ ಹೇಳಿದಳು. ಕಾಶವ್ವನ ಓಟು ಅವನಿಗೇ ಬಿತ್ತೇ ಎಂದು ಕೇಳಿದೆ. ನಿಂಗವ್ವ ನಕ್ಕಳು. ಅದನ್ನು ಕೇಳುವ ಧೈರ್ಯ ಊರಲ್ಲಿ ಈಗ ಯಾರಿಗೂ ಇಲ್ಲ ಎಂದಳು.